ಅಡ್ಡಾದಿಡ್ಡಿ ಹಾಲಿನ ಸಿನಿಮಾಪ್ರಿಯರಿಗೊಂದು ಬಹಿರಂಗ ಪತ್ರ

ಫ್ಲಾಟಿನ ಹಾಲಿನಲ್ಲೇ ಹೋಮ್ ಥಿಯೇಟರ್ ಮಾಡಿಕೊಳ್ಳಲು ಹೊರಟಿರುವ ಗೆಳೆಯ ಗೆಳತಿಯರೇ,

ದಸರಾ, ದೀಪಾವಳಿಯ ಆಫರುಗಳು ಶುರುವಾದರೆ ಸಾಕು, ನಿಮ್ಮಲ್ಲಿ ಹಲವರದು ಒಂದೇ ಪ್ರಶ್ನೆ: “ಅರವತ್ತು ಸಾವಿರ ಇಟ್ಟುಕೊಂಡಿದ್ದೀನಿ, ಯಾವ ಸ್ಪೀಕರ್ ತಗೊಳ್ಳಲಿ?” ನಾನು ತಿರುಗಿ ಕೇಳುವುದೂ ಒಂದೇ: “ನಿಮ್ಮ ಸೋಫಾ ಎಲ್ಲಿದೆ?” ಕಂಪನಿಯ ಹೆಸರು ಕೇಳಲು ಬಂದವರಿಗೆ ಇದು ತಲೆಹರಟೆಯಾಗಿ ಕಾಣುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಬಿಡಿಸಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅನ್ನಿಸಿತು.

ಸುತ್ತಿಬಳಸದೆ ಹೇಳುತ್ತೇನೆ. ನಿಮ್ಮ ಇಡೀ ಹಾಲ್ ಥಿಯೇಟರ್ ಆಗುವುದಿಲ್ಲ. ಒಂದು ಸೋಫಾ ಆಗಬಹುದು. ಆ ಸೋಫಾದಲ್ಲಿ ಕೂತವರಿಗೆ ಮೊದಲು ಮಾತು ತಿಳಿಯಬೇಕು, ಆಮೇಲೆ ಸಂಗೀತ ಚೆನ್ನಾಗಿ ಕೇಳಬೇಕು, ಗುಡುಗು-ಸ್ಫೋಟಗಳೆಲ್ಲ ಕೊನೆಗೆ. ದುಡ್ಡೂ ಇದೇ ಕ್ರಮದಲ್ಲಿ ಖರ್ಚಾಗಬೇಕು. ಅಂಗಡಿಯವರು ಮಾರುವ ಕ್ರಮ ಇದಕ್ಕೆ ತದ್ವಿರುದ್ಧ.

ಮಾದರಿಗೆ ಬೆಂಗಳೂರಿನ ಬನಶಂಕರಿಯ ಸ್ನೇಹಿತರೊಬ್ಬರ ಫ್ಲಾಟನ್ನು ತೆಗೆದುಕೊಳ್ಳುತ್ತೇನೆ. ನಿಮ್ಮಲ್ಲಿ ಬಹಳ ಮಂದಿಯ ಮನೆಯ ನಕ್ಷೆಯೂ ಹೆಚ್ಚುಕಡಿಮೆ ಅದೇ. ಟಿವಿ ಗೋಡೆಗೂ ಎದುರಿನ ಸೋಫಾ ಗೋಡೆಗೂ ನಡುವೆ 11 ಅಡಿ. ಸೋಫಾದಲ್ಲಿ ಕೂತರೆ ಬಲಕ್ಕೆ ಬಾಲ್ಕನಿಯ ಉದ್ದನೆಯ ಗಾಜಿನ ಬಾಗಿಲು. ಎಡಕ್ಕೆ ಗೋಡೆಯೇ ಇಲ್ಲ, ಹಾಲ್ ಹಾಗೇ ಡೈನಿಂಗ್ ಜಾಗಕ್ಕೆ ಸೇರಿಕೊಂಡು ಅಡುಗೆಮನೆಯ ಕಡೆ ತಿರುಗುತ್ತದೆ. ಟಿವಿಯ ಎಡಮಗ್ಗುಲಲ್ಲೇ ಮುಂಬಾಗಿಲು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪುಟ್ಟಿ ಮೆತ್ತಿ ನುಣುಪಾಗಿಸಿದ ಪೇಂಟು, ಮೇಲೆ ಪಿಒಪಿ ಫಾಲ್ಸ್ ಸೀಲಿಂಗ್, ಅದರ ನಡುವೆ ಫ್ಯಾನು. ಇದರೊಳಗೆ ಒಂದು ಅಂಗಡಿಯವರು ಐದು ಸ್ಪೀಕರ್, ಒಂದು ಸಬ್ಬಿನ 5.1 ಸೆಟ್ ಕೂರಿಸಿ ಹೋಗಿದ್ದರು. ಬಲಗಡೆಯ ಸರೌಂಡ್ ಸ್ಪೀಕರ್ ಗಾಜಿನ ಬಾಗಿಲ ಪಕ್ಕದ ಗೋಡೆಪಟ್ಟಿಯಲ್ಲಿ, ಕೂತವರ ಕಿವಿಗೆ ಮೂರೇ ಅಡಿ ದೂರ. ಎಡಗಡೆಯದು ಡೈನಿಂಗಿನ ಆಚೆ ಗೋಡೆಯಲ್ಲಿ, ಹನ್ನೆರಡು ಅಡಿ ದೂರ. ಸೆಂಟರ್ ಸ್ಪೀಕರ್ ಟಿವಿ ಯೂನಿಟ್ಟಿನ ಗೂಡಿನೊಳಗೆ, ಸೆಟ್‌ಟಾಪ್ ಬಾಕ್ಸಿನ ಹಿಂದೆ. ಸಬ್‌ವೂಫರ್ ಸೋಫಾದ ಮೂಲೆಯಲ್ಲಿ, ಅದರ ಮೇಲೊಂದು ಮನಿಪ್ಲಾಂಟ್ ಕುಂಡ.

ಆ ಮನೆಯಲ್ಲಿ ಹಳೆಯ ಸಿನಿಮಾ ಹಾಕಿದರೆ ಖಳನಟ ವಜ್ರಮುನಿಯ ಅಬ್ಬರ ಪೂರ್ತಿ ಟಿವಿಯ ಕಡೆಯಿಂದ ಬರುತ್ತಿರಲಿಲ್ಲ. ಅರ್ಧ ಮನಿಪ್ಲಾಂಟಿನ ಬುಡದಿಂದ ಬರುತ್ತಿತ್ತು. ಕಾರಣ ಸರಳ. ‘ಸಾವಿರ ವ್ಯಾಟ್’ ಎಂದು ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿರುವ ಅಗ್ಗದ ಸೆಟ್ಟುಗಳಲ್ಲಿ ಐದು ಪುಟಾಣಿ ಸ್ಪೀಕರ್ ಇರುತ್ತವೆ. ಒಳಗಿನ ಕೋನ್ ಎರಡೂವರೆ, ಮೂರು ಇಂಚು. ಅಷ್ಟು ಸಣ್ಣ ಕೋನಿಗೆ 150-200 ಹರ್ಟ್ಸ್‌ಗಿಂತ ಕೆಳಗೆ ತ್ರಾಣವಿಲ್ಲ. ಗಂಡಸರ ದನಿಯ ಮೂಲ ಕಂಪನ ಇರುವುದೇ ಸುಮಾರು 85ರಿಂದ 180 ಹರ್ಟ್ಸ್ ನಡುವೆ. ಹಾಗಾಗಿ ದನಿಯ ಆ ಪಾಲನ್ನು ಸಬ್‌ವೂಫರ್ ಹೊರಬೇಕಾಗುತ್ತದೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬಂತೆಂದು ನಮ್ಮ ಕಿವಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ, ಅದಕ್ಕಿಂತ ಮೇಲಿನದು ಚೆನ್ನಾಗಿಯೇ ಗೊತ್ತಾಗುತ್ತದೆ. ಒಬ್ಬನೇ ಮನುಷ್ಯ ಎರಡು ಕಡೆಯಿಂದ ಮಾತಾಡಿದಂತೆ ಕೇಳುವುದು ಇದಕ್ಕೇ.

ಆದ್ದರಿಂದ ಮುಂದಿನ ಸ್ಪೀಕರುಗಳು ಯಾವ ಕಂಪನಿಯದ್ದೇ ಆಗಲಿ, 80 ಹರ್ಟ್ಸ್‌ವರೆಗೆ ಆರಾಮವಾಗಿ ಇಳಿಯುವಂಥವು ಬೇಕು. ಐದರಿಂದ ಆರೂವರೆ ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್ ಅಂದರೆ ಸಾಕು. ಎದೆಮಟ್ಟದ ಟವರ್ ಸ್ಪೀಕರ್ ಬೇಡ. ಸಬ್‌ವೂಫರ್ ಇದ್ದ ಮೇಲೆ ಟವರಿನ ಕೆಳಗಿನ ಅರ್ಧಕ್ಕೆ ಕೊಟ್ಟ ದುಡ್ಡು ದಂಡ. ಮೇಲಾಗಿ ಬಾಗಿಲ ಪಕ್ಕ ನಿಲ್ಲಿಸಿದರೆ ಗ್ಯಾಸ್ ಸಿಲಿಂಡರ್ ತರುವವರ ಮೊಣಕಾಲಿಗೆ ತಾಗುತ್ತದೆ.

ವ್ಯಾಟಿನ ಹುಚ್ಚನ್ನೂ ಇಲ್ಲೇ ಇಳಿಸಿಕೊಳ್ಳಿ. ಕ್ಷಣಮಾತ್ರದ ಗರಿಷ್ಠವನ್ನು ತೋರಿಸುವ ಪಿಎಂಪಿಒ ಲೆಕ್ಕದ ವ್ಯಾಟುಗಳಿಗೆ ಅರ್ಥವೇ ಇಲ್ಲ, ನೋಡಬೇಕಾದ್ದು ನಿರಂತರವಾಗಿ ಕೊಡಬಲ್ಲ ವ್ಯಾಟ್, ಅಂದರೆ ಆರ್‌ಎಂಎಸ್. ಅದರಲ್ಲೂ ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ಸುಮಾರು ಹತ್ತು ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರಿಗೆ 50 ನಿಜವಾದ ವ್ಯಾಟ್ ಕೊಟ್ಟರೆ ನಿಮ್ಮ ಹಾಲಿಗೆ ಮಿಕ್ಕುತ್ತದೆ, ಪಕ್ಕದ ಮನೆಯವರಿಗಂತೂ ಧಾರಾಳವಾಗಿ ಮಿಕ್ಕುತ್ತದೆ.

ಈಗ ಅವುಗಳನ್ನು ಎಲ್ಲಿಡುವುದು? ಡಾಲ್ಬಿಯವರ ಸಲಹೆಯಂತೆ ಮುಂದಿನ ಎಡ-ಬಲ ಸ್ಪೀಕರುಗಳು ಕೂತವರ ನೇರ ನೋಟಕ್ಕೆ 22ರಿಂದ 30 ಡಿಗ್ರಿ ಆಚೀಚೆ ಇರಬೇಕು. ತಲೆಗೂ ಸ್ಪೀಕರ್ ಸಾಲಿಗೂ ಒಂಬತ್ತು ಅಡಿ ಇದ್ದರೆ ಎರಡರ ನಡುವೆ ಏಳೂಕಾಲು ಅಡಿಯಿಂದ ಹತ್ತೂವರೆ ಅಡಿ ಅಂತರ. 55 ಇಂಚಿನ ಟಿವಿಯ ಅಗಲ ನಾಲ್ಕೇ ಅಡಿ. ಅದಕ್ಕೆ ಅಂಟಿಸಿದಂತೆ ಇಟ್ಟರೆ ಸಾಲದು. ಬನಶಂಕರಿಯ ಮನೆಯಲ್ಲಿ ಮುಂಬಾಗಿಲು ಅಡ್ಡ ಬಂದು ಏಳೂಕಾಲಕ್ಕಿಂತ ಹೆಚ್ಚು ಸಿಗಲಿಲ್ಲ. ಪರವಾಗಿಲ್ಲ. ಅಲ್ಲಿ ಮಾಡಿದ ಮುಖ್ಯ ಬದಲಾವಣೆ ಇನ್ನೊಂದು: ಸೋಫಾವನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ತಂದು, ಟಿವಿಯನ್ನೂ ಸೋಫಾವನ್ನೂ ಗಾಜಿನಿಂದ ಎರಡಡಿ ಎಡಕ್ಕೆ ಸರಿಸಿದ್ದು. ಮನೆಯ ಯಜಮಾನತಿಗೆ ಮೊದಲು ಒಪ್ಪಿಗೆಯಿರಲಿಲ್ಲ. “ಸೋಫಾ ಹಿಂದೆ ಕಸ ಗುಡಿಸೋರು ಯಾರು?” ಎಂದು ಅವರು ಕೇಳಿದ್ದು ನ್ಯಾಯವೇ. ಆದರೆ ಗಂಡಸರು ಇಂಥ ಹೊತ್ತಿನಲ್ಲಿ ಡೆಸಿಬೆಲ್ ಲೆಕ್ಕ ಹೇಳುವ ಬದಲು ಪೊರಕೆ ಹಿಡಿಯುವ ಮಾತು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಟಿವಿ ಮೂಲೆಯಲ್ಲಿ ಓರೆಯಾಗಿ ಕೂತಿದೆ ಎಂದು ಕೊರಗುವವರೂ ಇದ್ದೀರಿ. ಕೊರಗಬೇಡಿ. ಮೂಲೆಯ ಟಿವಿಗೆ ಎರಡೂ ಪಕ್ಕದಲ್ಲಿ ಒಂದೇ ಥರದ ಗೋಡೆಯಿರುತ್ತದೆ. ಒಂದು ಕಡೆ ಗಾಜು, ಒಂದು ಕಡೆ ಬಯಲು ಇರುವ ಹಾಲಿಗಿಂತ ಅದು ಎಷ್ಟೋ ವಾಸಿ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ, ಆಂಪ್ಲಿಫೈಯರಿನಲ್ಲಿ ಅದನ್ನು ಇಳಿಸಿಕೊಳ್ಳಬಹುದು.

ಸೆಂಟರ್ ಸ್ಪೀಕರ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಡುಸು. ಮನೆಯಲ್ಲಿ ನೋಡುವವರು ಒಬ್ಬರೋ ಇಬ್ಬರೋ ಆಗಿ, ಸೋಫಾದ ಮಧ್ಯದಲ್ಲೇ ಕೂರುವವರಾದರೆ ಸೆಂಟರ್ ಬೇಕಿಲ್ಲ. ಒಳ್ಳೆಯ ಎರಡು ಸ್ಪೀಕರುಗಳ ನಡುವೆ ಮಾತು ತಾನಾಗಿಯೇ ಟಿವಿಯ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಆದರೆ ಅಜ್ಜಿ ಒಂದು ತುದಿಗೆ, ಮಗ ಇನ್ನೊಂದು ತುದಿಗೆ ಕೂರುವ ಮನೆಯಲ್ಲಿ ಈ ಆಟ ನಡೆಯುವುದಿಲ್ಲ. ಎರಡು ಕಡೆಯಿಂದ ಒಂದೇ ಸದ್ದು ಬಂದಾಗ ಮೊದಲು ತಲುಪಿದ್ದನ್ನೇ ಕಿವಿ ನಂಬುತ್ತದೆ. ಬಲತುದಿಯ ಅಜ್ಜಿಗೆ ಮಾತೆಲ್ಲ ಬಲಗಡೆಯ ಸ್ಪೀಕರಿನಿಂದಲೇ ಬಂದಂತೆ ಕೇಳುತ್ತದೆ. ಇಂಥ ಮನೆಗೆ ಸೆಂಟರ್ ಬೇಕೇ ಬೇಕು. ಅದೂ ಮುಂದಿನ ಎರಡರ ಸರಣಿಯದ್ದೇ ಆಗಿರಬೇಕು, ಇಲ್ಲವಾದರೆ ನಡೆಯುತ್ತಾ ಮಾತಾಡುವ ಪಾತ್ರದ ದನಿ ಎಡದಿಂದ ನಡುವಿಗೆ ಬರುವಷ್ಟರಲ್ಲಿ ಬೇರೆಯವರ ದನಿಯಾಗುತ್ತದೆ. ಅಡ್ಡಡ್ಡ ಮಲಗಿಸಿದ, ಎರಡು ವೂಫರಿನ ನಡುವೆ ಟ್ವೀಟರ್ ಇಟ್ಟ ಸೆಂಟರುಗಳದ್ದೇ ಒಂದು ತೊಂದರೆ: ನೇರ ಎದುರು ಕೂತವರಿಗೆ ಚೆನ್ನಾಗಿ ಕೇಳಿ, ಪಕ್ಕಕ್ಕೆ ಸರಿದಂತೆ ಎರಡು ವೂಫರುಗಳ ಸದ್ದು ಪರಸ್ಪರ ಕಡಿದುಕೊಂಡು ಮಾತಿನ ಒಂದು ಪಾಲು ಸೊರಗುತ್ತದೆ. ಟಿವಿಯ ಕೆಳಗೆ ಎತ್ತರಕ್ಕೆ ಜಾಗವಿದ್ದರೆ ಮೂರನೆಯದಾಗಿಯೂ ಅದೇ ಬುಕ್‌ಶೆಲ್ಫ್ ಸ್ಪೀಕರನ್ನು ನೆಟ್ಟಗೆ ನಿಲ್ಲಿಸುವುದು ಇನ್ನೂ ಒಳ್ಳೆಯದು. ಯಾವುದಾದರೂ ಸರಿ, ಗೂಡಿನೊಳಕ್ಕೆ ತಳ್ಳಬೇಡಿ. ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಬರಲಿ, ಮುಂಗಾಲಿಗೆ ರಬ್ಬರ್ ತುಂಡು ಕೊಟ್ಟು ಕಿವಿಯತ್ತ ಮುಖ ಎತ್ತಿಸಿ. ‘ಬಂಗಾರದ ಮನುಷ್ಯ’ದ ಕಾಲದ ಮೋನೋ ಚಿತ್ರಗಳನ್ನೇ ಹೆಚ್ಚು ನೋಡುವ ಮನೆಯಾದರೆ ಇದು ಇನ್ನಷ್ಟು ಮುಖ್ಯ. ರಿಸೀವರನ್ನು (ಸ್ಪೀಕರುಗಳನ್ನೆಲ್ಲ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆಯನ್ನು) ಡಾಲ್ಬಿ ಸರೌಂಡಿನಂಥ ಮೋಡ್‌ಗೆ ಹಾಕಿದರೆ ಮೋನೋ ಧ್ವನಿಪಥ ಹೆಚ್ಚುಕಡಿಮೆ ಪೂರ್ತಿಯಾಗಿ ಸೆಂಟರಿಗೇ ಹೋಗುತ್ತದೆ.

ಇಕ್ಕಟ್ಟಿನ ಜಾಗದಲ್ಲಿ ಮಾತು ಕೇಳಿಸುವ ಸಮಸ್ಯೆ ನಮ್ಮೊಬ್ಬರದೇ ಅಲ್ಲ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳಿಗೆ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ದನಿಯನ್ನು ಪರೀಕ್ಷಿಸಬೇಕಿತ್ತು. ಅದಕ್ಕೆಂದೇ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿದರು: ಒಳಗಿನ ಗಾತ್ರ ಐದು ಲೀಟರ್ ಅಷ್ಟೇ, ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆ. ಅದು ಕಿಟಕಿ ಅದುರಿಸಲು ಹುಟ್ಟಿದ್ದಲ್ಲ, ಮನುಷ್ಯರ ದನಿ ಮನುಷ್ಯರ ದನಿಯಂತೆ ಕೇಳಲಿ ಎಂದು ಹುಟ್ಟಿದ್ದು. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗಿ ದುಬಾರಿ ಬೆಲೆ ಕೊಡುತ್ತಾರೆ. ನಿಮ್ಮ ಬಜೆಟ್ಟಿಗೆ ಅದು ಎಟುಕುವುದಿಲ್ಲ, ಆದರೆ ಅದರಿಂದ ಒಂದು ಉಪಾಯ ಎತ್ತಿಕೊಳ್ಳಬಹುದು. ಹಿಂಬದಿಯಲ್ಲಿ ಗಾಳಿಕಂಡಿಯಿರುವ ಸ್ಪೀಕರನ್ನು ಗೋಡೆಗೆ ಒತ್ತಿ ಇಟ್ಟರೆ ಬೇಸ್ ಗುಂಯ್‌ಗುಡುತ್ತದೆ. ಗೋಡೆ ಬಿಟ್ಟು ಒಂದಡಿ ಮುಂದೆ ಇಡಲು ಜಾಗವಿಲ್ಲದವರು ಮುಚ್ಚಿದ ಪೆಟ್ಟಿಗೆಯದ್ದನ್ನೋ ಕಂಡಿ ಮುಂದುಗಡೆ ಇರುವುದನ್ನೋ ಆರಿಸಿ. ಈಗಾಗಲೇ ಕೊಂಡಾಗಿದ್ದರೆ ಕಂಡಿಗೆ ಸ್ಪಂಜು ತುರುಕಿ ನೋಡಿ. ಹಲ್ಲಿ, ಜಿರಲೆ ಮನೆ ಮಾಡುವುದೂ ತಪ್ಪುತ್ತದೆ.

ಸ್ಪೀಕರಿಗೆ ಮುಂಚೆ ಕೋಣೆಯದೇ ಒಂದು ಪರೀಕ್ಷೆ ಮಾಡಿ. ಹಾಲಿನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ‘ಟ್ರ್‌ರ್‌’ ಎಂದು ಲೋಹದಂಥ ಅನುರಣನ ಬಂದರೆ, ಲಕ್ಷ ರೂಪಾಯಿಯ ಸ್ಪೀಕರ್ ತಂದರೂ ಮಾತು ಕಲಸಿಕೊಂಡೇ ಕೇಳುತ್ತದೆ. 1895ರ ಸುಮಾರಿಗೆ ಹಾರ್ವರ್ಡಿನಲ್ಲಿ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಸಭಾಂಗಣದಲ್ಲಿ ಮೇಷ್ಟ್ರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ವ್ಯಾಲೆಸ್ ಸೇಬೈನ್ ಎಂಬ ಯುವ ಅಧ್ಯಾಪಕರಿಗೆ ಅದನ್ನು ಸರಿಮಾಡುವ ಕೆಲಸ ಬಂತು. ಅವರು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನು ರಾತ್ರಿಹೊತ್ತು ಹೊತ್ತು ತಂದು, ಎಷ್ಟು ಮೆತ್ತೆ ಹಾಸಿದರೆ ಅನುರಣನ ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಕಟ್ಟಡಗಳ ಧ್ವನಿವಿಜ್ಞಾನ ಶುರುವಾದದ್ದೇ ಮೆತ್ತೆಗಳಿಂದ. ನಿಮ್ಮ ಅರವತ್ತು ಸಾವಿರದಲ್ಲಿ ಆರೇಳು ಸಾವಿರವನ್ನು ಸೋಫಾದ ಮುಂದಿನ ದಪ್ಪ ಜಮಖಾನಕ್ಕೂ ಗಾಜಿನ ಬಾಗಿಲಿನ ಪರದೆಗೂ ತೆಗೆದಿಡಿ. ತೆಳ್ಳನೆಯ ನೆಟ್ ಪರದೆಯಿಂದ ಏನೂ ಆಗದು. ಭಾರದ ಬಟ್ಟೆ, ಬಾಗಿಲಿನ ಎರಡರಷ್ಟು ಅಗಲ, ನಿರಿಗೆ ನಿರಿಗೆಯಾಗಿ ಇಳಿಬಿದ್ದಿರಬೇಕು. ಸೋಫಾದ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಸಿಕ್ಕರೆ ಅದೃಷ್ಟ.

ಪರದೆ, ಜಮಖಾನಗಳು ಮಾತನ್ನು ತಿಳಿಯಾಗಿಸುತ್ತವೆ, ಬೇಸನ್ನು ಮುಟ್ಟುವುದಿಲ್ಲ. ಬೇಸಿನ ವಿಚಾರಕ್ಕೆ ಅಮೆರಿಕದ ಸಲಹೆಗಳನ್ನು ಓದಿ ನಂಬುವವರಿಗೆ ಒಂದು ಮಾತು. ಅಲ್ಲಿನ ಎಷ್ಟೋ ಮನೆಗಳ ಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಂ ಹಲಗೆ. ಅದು ತಾನೂ ಅಲುಗಿ ಬೇಸನ್ನು ಒಂದಿಷ್ಟು ನುಂಗುತ್ತದೆ, ಒಂದಿಷ್ಟನ್ನು ಹೊರಗೆ ಬಿಡುತ್ತದೆ. ನಮ್ಮ ಕಾಂಕ್ರೀಟು, ಸಾಲಿಡ್ ಬ್ಲಾಕು ಅಲುಗುವುದು ತೀರಾ ಕಡಿಮೆ. ಬಂದದ್ದರಲ್ಲಿ ಬಹುಪಾಲನ್ನು ತಿರುಗಿಸಿ ಕೊಡುತ್ತದೆ. ಎದುರುಬದುರು ಗೋಡೆಗಳ ನಡುವೆ 11 ಅಡಿಯಿದ್ದರೆ ಸುಮಾರು 51 ಹರ್ಟ್ಸ್‌ನ ಸ್ವರ ಅಲ್ಲೇ ನಿಂತು ಉಬ್ಬುತ್ತದೆ. ಗೋಡೆಗೆ ತಲೆ ಆನಿಸಿ ಕೂತವರಿಗೆ ಅದು ಅತಿ ಜೋರು, ಹಾಲಿನ ನಟ್ಟನಡುವೆ ನಿಂತವರಿಗೆ ಬಹುತೇಕ ಮಾಯ. ಸಬ್ ಕೆಟ್ಟದ್ದೆಂದು ಅಂಗಡಿಯವರ ಮೇಲೆ ರೇಗುವ ಮುಂಚೆ ಸೋಫಾವನ್ನು ಒಂದಡಿ ಸರಿಸಿ ನೋಡಿ ಅನ್ನುವುದು ಇದಕ್ಕೇ.

ಡೈನಿಂಗಿಗೆ ತೆರೆದ ಹಾಲಿಗೆ ಇನ್ನೊಂದು ತಲೆನೋವು. ಸಬ್‌ವೂಫರ್ ತುಂಬಬೇಕಾದ ಗಾಳಿ ನಿಮ್ಮ ಹಾಲಿನದಷ್ಟೇ ಅಲ್ಲ. ಡೈನಿಂಗ್, ಅಡುಗೆಮನೆ, ಪ್ಯಾಸೇಜು ಎಲ್ಲ ಸೇರಿದ್ದು. ಎಂಟು ಇಂಚಿನ ಸಬ್ ಅಲ್ಲಿ ಏದುಸಿರು ಬಿಡುತ್ತದೆ. ಸಾಧ್ಯವಾದರೆ ಹತ್ತು ಇಂಚಿನದು ತೆಗೆದುಕೊಳ್ಳಿ, ಆಗದಿದ್ದರೆ ಎಂಟರದ್ದನ್ನೇ ಸೋಫಾದ ಹತ್ತಿರಕ್ಕೆ ತನ್ನಿ. ಜಾಗ ಹುಡುಕಲು ಹಳೆಯದೊಂದು ಉಪಾಯವಿದೆ: ಸಬ್‌ವೂಫರನ್ನೇ ಎತ್ತಿ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲಿ ಇಡಿ. ಬೇಸ್ ಗಿಟಾರಿನ ಸ್ವರಗಳು ಮೇಲೆ ಕೆಳಗೆ ಓಡಾಡುವ ಒಂದು ಹಾಡು ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಡುತ್ತಾ ಗೋಡೆಯಂಚಿನಲ್ಲೇ ಸಾಗಿ. ಯಾವ ಜಾಗದಲ್ಲಿ ಎಲ್ಲ ಸ್ವರವೂ ಒಂದೇ ಹದದಲ್ಲಿ ಕೇಳುತ್ತದೋ ಸಬ್ ಅಲ್ಲಿಗೆ ಹೋಗಬೇಕು. ಮನೆಗೆ ನೆಂಟರು ಬಂದಾಗ ಮಾಡಬೇಡಿ. ಬನಶಂಕರಿಯಲ್ಲಿ ಆ ಜಾಗ ಸಿಕ್ಕಿದ್ದು ಟಿವಿ ಯೂನಿಟ್ಟಿಗೂ ಗಾಜಿನ ಬಾಗಿಲಿಗೂ ನಡುವಿನ ಸಂದಿಯಲ್ಲಿ. ಮನಿಪ್ಲಾಂಟ್ ಬಾಲ್ಕನಿಗೆ ಹೋಯಿತು.

ಎರಡು ಸರೌಂಡ್ ಸ್ಪೀಕರುಗಳ ಬಗ್ಗೆ ನಿಮಗಿರುವ ಮೋಹ ನನಗಿಲ್ಲ. ಮೂರಡಿ ದೂರದ್ದೂ ಹನ್ನೆರಡಡಿ ದೂರದ್ದೂ ಒಂದೇ ಜೋಡಿಯಾದರೆ ಏನಾಗುತ್ತದೆ? ಸದ್ದು ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ಚೂರು ಹೆಚ್ಚು ಸಾಗುತ್ತದೆ. ದೂರದ್ದು ಎಂಟು ಮಿಲಿಸೆಕೆಂಡ್ ತಡವಾಗಿ, ಅದೂ ಸೊರಗಿ ಬರುತ್ತದೆ. ಈ ತಡವನ್ನೂ ಮಟ್ಟವನ್ನೂ ರಿಸೀವರ್ ಸರಿದೂಗಿಸಬಲ್ಲದು. ದಿಕ್ಕನ್ನು ಸರಿಮಾಡುವ ಗುಂಡಿ ಯಾವ ರಿಸೀವರಿನಲ್ಲೂ ಇಲ್ಲ. ಗೋಡೆಯಿಲ್ಲದ ಕಡೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಕಿವಿಗಿಂತ ಒಂದೆರಡು ಅಡಿ ಎತ್ತರದಲ್ಲಿ, ಸೋಫಾದ ಎರಡೂ ಪಕ್ಕಕ್ಕೆ ಸಮದೂರದಲ್ಲಿ ಇಡಬಹುದಾದರೆ ಸರಿ. ಇಲ್ಲವಾದರೆ ಈ ವರ್ಷ ಸರೌಂಡನ್ನೇ ಬಿಡಿ. ಮೂರು ಒಳ್ಳೆಯ ಸ್ಪೀಕರು, ಒಂದು ಸಬ್ಬು, 3.1 ಎಂದು ಹೇಳಿಕೊಳ್ಳಲು ನಾಚಿಕೆಯೇನೂ ಬೇಡ. ಹೊಸ ಅಪಾರ್ಟ್‌ಮೆಂಟುಗಳ ಮಿವಾನ್ ಗೋಡೆಗಳಂತೂ ಅಚ್ಚಿನಲ್ಲಿ ಎರಕ ಹೊಯ್ದ ಪೂರ್ತಿ ಕಾಂಕ್ರೀಟು. ಅಲ್ಲಿ ಕೊರೆದು ವೈರ್ ಹೂಳುವ ಮಾತೇ ಇಲ್ಲ. ಬಾಡಿಗೆ ಮನೆಯವರಿಗೆ ಅಡ್ವಾನ್ಸಿನ ಚಿಂತೆ ಬೇರೆ.

ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್ ಬೇಡವೇ ಎಂದು ಕೇಳುತ್ತೀರಿ. ಮೇಲ್ಮುಖವಾಗಿ ಸದ್ದು ಹಾರಿಸಿ ಸೀಲಿಂಗಿನಿಂದ ಬೌನ್ಸ್ ಮಾಡಿಸುವ ಸ್ಪೀಕರುಗಳಿಗೆ ಸಪಾಟಾದ ಸೀಲಿಂಗೇ ಬೇಕು. ಅಂಚಂಚಿಗೆ ಇಳಿಸಿದ ಪಿಒಪಿ, ಲೈಟಿನ ಗೂಡು, ತಿರುಗುವ ಫ್ಯಾನು ಇರುವಲ್ಲಿ ಅದು ಜುಟ್ಟಿಗೆ ಮಲ್ಲಿಗೆ. ಸೌಂಡ್‌ಬಾರನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ; ವರ್ಷವರ್ಷ ಮನೆ ಬದಲಿಸುವವರಿಗೆ ಅದೇ ಸರಿ. ಆದರೆ ಪಕ್ಕದ ಗೋಡೆಗೆ ಸದ್ದು ಹೊಡೆದು ಸರೌಂಡ್ ಭ್ರಮೆ ಹುಟ್ಟಿಸುವ ಬಾರುಗಳಿಗೆ ಪಕ್ಕದಲ್ಲಿ ಗೋಡೆಯಿರಬೇಕಲ್ಲ!

ದುಡ್ಡು ಉಳಿಸಲು ನಾನು ಹೇಳುವ ದಾರಿ: ರಿಸೀವರ್ ಹೊಸದು, ಸ್ಪೀಕರ್ ಸೆಕೆಂಡ್‌ಹ್ಯಾಂಡ್. ಎಚ್‌ಡಿಎಂಐ ನಾಲ್ಕಾರು ವರ್ಷಕ್ಕೊಮ್ಮೆ ಬದಲಾಗಿ ಹಳೆಯ ರಿಸೀವರುಗಳು ಬೇಗ ಮುದಿಯಾಗುತ್ತವೆ. ಸ್ಪೀಕರಿಗೆ ಅಂಥ ಕಾಟವಿಲ್ಲ. ಬೆಂಗಳೂರು ಬಿಟ್ಟು ವಿದೇಶಕ್ಕೆ ಹೊರಡುವವರು ಒಳ್ಳೊಳ್ಳೆಯ ಜೋಡಿಗಳನ್ನು ಅರ್ಧ ಬೆಲೆಗೆ ಕೊಡುತ್ತಾರೆ. ನೋಡಲು ಹೋದಾಗ ಮುಂದಿನ ಜಾಲರಿ ತೆಗೆಸಿ, ಕೋನಿನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ರಬ್ಬರಾದರೆ ಮೆತ್ತಗೆ ಮಣಿಯುತ್ತದೆ. ಫೋಮ್ ಆಗಿ ಪುಡಿ ಉದುರಿದರೆ ಬೇಡ. ಮಂಗಳೂರು, ಕಾರವಾರದ ಕಡೆಯ ತೇವ ಕಂಡ ಸ್ಪೀಕರುಗಳಲ್ಲಿ ಇದನ್ನು ತಪ್ಪದೆ ನೋಡಿ. ಟ್ವೀಟರಿನ ಗುಮ್ಮಟ ಒಳಕ್ಕೆ ಕುಸಿದಿದ್ದರೆ ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಎಂದು ಅರ್ಥ. ವೈರಿಗೆ ಹೆಚ್ಚು ಸುರಿಯಬೇಡಿ, ಎಲೆಕ್ಟ್ರಿಕಲ್ ಅಂಗಡಿಯ 1.5 ಸ್ಕ್ವೇರ್ ಎಂಎಂ ತಾಮ್ರದ ವೈರೇ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸ್ಪೀಕರ್ ವೈರ್ ಎಂದೇ ಕೊಳ್ಳುವುದಾದರೆ ತುದಿ ಹೆರೆದು ನೋಡಿ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವುದೂ ಉಂಟು. ಸಬ್ ‘ಹುಂ’ ಎಂದು ಗುನುಗುತ್ತಿದ್ದರೆ ಮೊದಲು ಕೇಬಲ್ ಟಿವಿಯ ವೈರ್ ಕಿತ್ತು ನೋಡಿ. ಬಹಳ ಸಲ ತುಂಟ ಅದೇ.

ರಾತ್ರಿಯ ಮಾತೂ ಬರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಕಾಂಕ್ರೀಟಿನೊಳಗೆ ಬೇಸ್ ಹರಿದು ಕೆಳಗಿನ ಮನೆಯ ಮಂಚಕ್ಕೆ ತಲುಪುತ್ತದೆ. ಸಬ್ಬಿನ ಕೆಳಗೆ ರಬ್ಬರ್ ಮ್ಯಾಟ್ ಹಾಕಿದರೆ ಅಲ್ಪಸ್ವಲ್ಪ ಲಾಭ, ಸಬ್ಬನ್ನೇ ಆಫ್ ಮಾಡಿದರೆ ಪೂರ್ತಿ ಲಾಭ. ಸದ್ದು ತಗ್ಗಿಸಿದಾಗ ಕಿವಿಗೆ ಬೇಸ್ ಮೊದಲು ಮಾಯವಾಗುವುದು ಸಹಜ. ರಿಸೀವರಿನಲ್ಲಿ ನೈಟ್ ಮೋಡ್ ಹಾಕಿ, ಸೆಂಟರನ್ನು ಎರಡು ಮೂರು ಡೆಸಿಬೆಲ್ ಏರಿಸಿ. ಮಾತಿಗಾಗಿ ವಾಲ್ಯೂಮ್ ಏರಿಸಿ, ಫೈಟಿಗಾಗಿ ಇಳಿಸಿ ಎಂದು ರಿಮೋಟ್ ಹಿಡಿದು ಕೂರುವುದು ತಪ್ಪುತ್ತದೆ.

ಅಂಗಡಿಯ ಡೆಮೊ ಕೋಣೆಯಲ್ಲಿ ನಿಮಗೆ ಕಾರುಗಳ ಸ್ಫೋಟವನ್ನೇ ಕೇಳಿಸುತ್ತಾರೆ. ‘ಕಾಂತಾರ’ದ ಕೊನೆಯ ಆ ಕೂಗು ಯಾವ ಸ್ಪೀಕರಿನಲ್ಲಿ ಹಾಕಿದರೂ ರೋಮ ನಿಲ್ಲಿಸುತ್ತದೆ, ಅದರಿಂದ ಸ್ಪೀಕರಿನ ಯೋಗ್ಯತೆ ಗೊತ್ತಾಗುವುದಿಲ್ಲ. ನಿಮ್ಮ ಮನೆಯವರೇ ಮಾತಾಡಿದ ಒಂದು ರೆಕಾರ್ಡಿಂಗನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಆ ದನಿ ಹೇಗಿರಬೇಕೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೊದಲು ನೇರ ಎದುರು ಕೂತು ಕೇಳಿ, ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕೇಳಿ. ಪಕ್ಕಕ್ಕೆ ಸರಿದಾಗ ದನಿ ಮಂಕಾಗುವ ಸ್ಪೀಕರ್, ಗಾಜು-ಗೋಡೆಗಳಿಂದ ಪುಟಿದ ಸದ್ದನ್ನೇ ಅರ್ಧ ಕೇಳಬೇಕಾದ ನಿಮ್ಮ ಹಾಲಿಗೆ ಆಗಿಬರುವುದಿಲ್ಲ. ಬಿಲ್ ಮಾಡಿಸುವ ಮುಂಚೆ ವಾಪಸ್ ತಗೊಳ್ಳುತ್ತಾರೋ, ಎಷ್ಟು ದಿನದೊಳಗೆ ಎಂದು ಕೇಳಿ ಬರೆಸಿಕೊಳ್ಳಿ. ಆ ಅವಧಿ ಮುಗಿಯುವ ತನಕ ರಟ್ಟಿನ ಪೆಟ್ಟಿಗೆ, ಥರ್ಮಾಕೋಲ್ ಯಾವುದನ್ನೂ ಬಿಸಾಡಬೇಡಿ, ಅಟ್ಟದ ಮೇಲೆ ಹಾಕಿಡಿ.

ಇಂತಿ ನಿಮ್ಮ ವಿಶ್ವಾಸಿ,
ಸ್ಪೀಕರ್ ಹೊತ್ತು ಸರಿಸಲು ನೀವು ಕರೆಯುವ ಅದೇ ಗೆಳೆಯ